ಸ್ಟುಡಿಯೊ ಕಂಡ ದನಿ, ಸ್ಟುಡಿಯೊ ಕಾಣದ ದನಿ

ಎಪ್ಪತ್ತರ ದಶಕದ ಹಾಡುಗಳ ಮಾತು ಬಂದಾಗಲೆಲ್ಲ ಆಗಿನ ಧ್ವನಿಮುದ್ರಣದಲ್ಲಿ ಜೀವವಿತ್ತು ಎನ್ನುವವರು ಸಿಗುತ್ತಾರೆ. ಯಾಕೆ ಎಂದು ಕೇಳಿದರೆ ಟೇಪು, ವಾಲ್ವು, ಗ್ರಾಮಫೋನ್ ತಟ್ಟೆ ಎಂದು ಯಂತ್ರಗಳ ಹೆಸರು ಹೇಳುತ್ತಾರೆ. ಜೀವವಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ಯಂತ್ರದಿಂದ ಬಂತು ಎಂಬುದನ್ನು ಒಪ್ಪುವುದಿಲ್ಲ.

ನಮ್ಮ ಕಡೆಯ ಅನುಭವವೇ ಇದಕ್ಕೆ ಸಾಕ್ಷಿ. ಚಂದ್ರಂಪಳ್ಳಿ, ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳಿಗೆ ಆ ಹಾಡುಗಳು ಮುಖ್ಯವಾಗಿ ಎರಡು ದಾರಿಯಲ್ಲಿ ಬಂದವು. ಒಂದು, 1966ರಲ್ಲಿ ಶುರುವಾದ ಗುಲಬರ್ಗಾ ಆಕಾಶವಾಣಿ. ಇನ್ನೊಂದು, ಮದುವೆ ಮನೆಯ ಮಾಳಿಗೆಗೋ ಜಾತ್ರೆಯ ಬೇವಿನ ಮರಕ್ಕೋ ಕಟ್ಟುತ್ತಿದ್ದ ಮೈಕ್‌ಸೆಟ್ಟಿನ ಲೌಡ್‌ಸ್ಪೀಕರ್. ಮೀಡಿಯಂ ವೇವ್ ರೇಡಿಯೊದಲ್ಲಿ ತಾರದ ಸೂಕ್ಷ್ಮಗಳು ಉಳಿಯುವುದಿಲ್ಲ. ಲೌಡ್‌ಸ್ಪೀಕರಿನ ಕೊಳವೆಯಲ್ಲಿ ಮಂದ್ರವೇ ಉಳಿಯುವುದಿಲ್ಲ. ಟೇಪಿಗೆ ಅದರದ್ದೇ ಗುಣ ಇರುವುದು ನಿಜ. ದನಿ ಅಳತೆ ಮೀರಿದಾಗ ಅದು ಥಟ್ಟನೆ ಒಡೆಯದೆ ಮೆಲ್ಲಗೆ ಅದುಮಿಕೊಳ್ಳುತ್ತದೆ, ಆಗ ಕಿವಿಗೆ ಹಿತವಾದ ಒಂದು ತುಂಬುತನ ಬರುತ್ತದೆ. ಆದರೆ ಆ ತುಂಬುತನ ನಮ್ಮ ಬೇವಿನ ಮರದವರೆಗೆ ಬಂದೇ ಇರಲಿಲ್ಲ. ಬಾರದ ಗುಣಕ್ಕೆ ನಾವು ಮನಸೋತಿರಲು ಸಾಧ್ಯವಿಲ್ಲ. ನಮಗೆ ತಲುಪಿದ್ದು ಮಾತು, ಉಸಿರು, ದನಿಗೂ ವಾದ್ಯಕ್ಕೂ ನಡುವೆ ಯಾರೋ ಎಚ್ಚರದಿಂದ ಕಾಯ್ದುಕೊಂಡ ಅಂತರ. ಹಾಡನ್ನು ಮೆಚ್ಚಲು ನಮಗೆ ಅಷ್ಟು ಸಾಕಾಗಿತ್ತು.

ಆ ಅಂತರ ಹುಟ್ಟುತ್ತಿದ್ದದ್ದು ಮದ್ರಾಸಿನ ಸ್ಟುಡಿಯೊಗಳಲ್ಲಿ. ಕನ್ನಡ ಸಿನಿಮಾದ ಹಾಡುಗಳು ಬಹುಪಾಲು ಅಲ್ಲೇ ಮುದ್ರಣವಾಗುತ್ತಿದ್ದವು. ಪಿಟೀಲಿನವರ ಸಾಲು, ಕೊಳಲು, ತಬಲಾ, ಗಿಟಾರ್, ಅವರ ಜೊತೆಗೇ ಗಾಯಕರು. ಎಲ್ಲರೂ ಒಂದೇ ಹೊತ್ತಿಗೆ ನುಡಿಸಿ ಹಾಡಬೇಕು. ಮುದ್ರಣ ಒಂಟಿ ದಾರಿಯದು, ಮೋನೊ. ಒಮ್ಮೆ ಬೆರೆತ ದನಿಗಳನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಕೊನೆಯ ಚರಣದಲ್ಲಿ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ತಾಲೀಮು ಮುಗಿಯದೆ ಕೆಂಪು ದೀಪ ಉರಿಯುತ್ತಿರಲಿಲ್ಲ. ಯಾವ ವಾದ್ಯ ಮೈಕಿಗೆ ಹತ್ತಿರ, ಯಾವುದು ಮೂಲೆಗೆ, ಗಾಯಕ ಯಾವ ಸಾಲಿನಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿಯಬೇಕು, ಇವೆಲ್ಲ ಮುದ್ರಣಕ್ಕೆ ಮೊದಲೇ ತೀರ್ಮಾನ ಆಗಬೇಕಿತ್ತು.

ಆ ದಶಕದ ಕನ್ನಡ ಹಾಡುಗಳನ್ನು ಈ ತಿಳಿವಳಿಕೆ ಇಟ್ಟುಕೊಂಡು ಕೇಳಿದರೆ ಬೇರೆಯದೇ ಬೆಲೆ ಕಾಣುತ್ತದೆ. 'ನಾಗರಹಾವು' (1972) ಚಿತ್ರಕ್ಕೆ ವಿಜಯಭಾಸ್ಕರ್, 'ಎಡಕಲ್ಲು ಗುಡ್ಡದ ಮೇಲೆ' (1973) ಚಿತ್ರಕ್ಕೆ ಎಂ. ರಂಗರಾವ್, 'ಎರಡು ಕನಸು' (1974) ಚಿತ್ರಕ್ಕೆ ರಾಜನ್–ನಾಗೇಂದ್ರ ಕೊಟ್ಟ ಸಂಗೀತದಲ್ಲಿ ವಾದ್ಯಗಳು ಸುಮ್ಮನಿರುವ ಜಾಗಗಳನ್ನು ಗಮನಿಸಿ. ಹಾಡುವವರ ಮಾತು ಮುಗಿಯದೆ ಕೊಳಲು ಬಾಯಿ ತೆರೆಯುವುದಿಲ್ಲ. 'ಎರಡು ಕನಸು' ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ ಯುಗಳಗೀತೆಯಲ್ಲಿ ಒಬ್ಬರು ಇನ್ನೊಬ್ಬರ ದನಿಯ ಮೇಲೆ ಏರಿ ಹೋಗುವುದಿಲ್ಲ. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ ರಾಜ್‌ಕುಮಾರ್‌ಗೆ ಬೇರೆ ಹಿನ್ನೆಲೆ ಗಾಯಕರಿಲ್ಲ, ಅವರದೇ ದನಿ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಆ ದನಿಯ ಒರಟನ್ನು ಉಜ್ಜಿ ನಯ ಮಾಡಲು ಹೋಗಲಿಲ್ಲ. ಅದೇ ಆ ಹಾಡಿನ ಭಾಗ್ಯ. ವೆಂಕಟೇಶರ ಬಳಿ ಸಹಾಯಕರಾಗಿದ್ದು ಕಲಿತ ಇಳಯರಾಜ 1976ರಲ್ಲಿ 'ಅನ್ನಕ್ಕಿಳಿ'ಯಿಂದ ಸ್ವತಂತ್ರರಾದರು. ಮುಂದಿನ ದಶಕಗಳಲ್ಲಿ ಅವರು ಕಟ್ಟಿದ ದೊಡ್ಡ ವಾದ್ಯಮೇಳದ ಹಿಂದೆ ಈ ಶಿಸ್ತೂ ಇದೆ ಎಂದು ನಂಬಿದ್ದೇನೆ.

ಹಾಗಾದರೆ ಒಟ್ಟಿಗೆ ಕೂತು ನುಡಿಸುವುದು ಟೇಪಿನ ಕಾಲದ ಗುಣವೇ? ಅದೂ ಅಲ್ಲ. ಪದರದ ಮೇಲೆ ಪದರ ಮುದ್ರಿಸುವುದನ್ನು ಸಲೀಸು ಮಾಡಿದ್ದೇ ಟೇಪು. 1973ರ 'ಟ್ಯೂಬ್ಯುಲರ್ ಬೆಲ್ಸ್' ಆಲ್ಬಮ್ಮಿನ ಬಹುತೇಕ ವಾದ್ಯಗಳನ್ನು ಮೈಕ್ ಓಲ್ಡ್‌ಫೀಲ್ಡ್ ಒಬ್ಬನೇ ನುಡಿಸಿದ. 1975ರಲ್ಲಿ ಕ್ವೀನ್ ತಂಡದವರು 'ಬೊಹೀಮಿಯನ್ ರಾಪ್ಸಡಿ'ಗಾಗಿ ದನಿಯ ಮೇಲೆ ದನಿ ಪೇರಿಸುತ್ತ ಹೋದಾಗ ಟೇಪು ಸವೆದು ಬೆಳಕು ಹಾಯುವಷ್ಟು ತೆಳುವಾಯಿತು. ಬಾಸ್ಟನ್ ತಂಡದ 1976ರ ಮೊದಲ ಆಲ್ಬಮ್ಮಿನ ಬಹುಭಾಗವನ್ನು ಟಾಮ್ ಷೋಲ್ಜ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೂತು ಮಾಡಿದ. ಇವೂ ಆ ದಶಕದ ಒಳ್ಳೆಯ ಕೆಲಸಗಳೇ. ಮದ್ರಾಸಿನ ತುಂಬಿದ ಸ್ಟುಡಿಯೊಗೂ ಷೋಲ್ಜನ ನೆಲಮಾಳಿಗೆಗೂ ಸಾಮಾನ್ಯವಾದದ್ದು ಒಂದೇ: ಮಾಡಿದ್ದನ್ನು ಹಿಂತೆಗೆಯುವುದು ದುಬಾರಿ. ಹಳೆಯ ದನಿಯ ಮೇಲೆ ಹೊಸದನ್ನು ಮುದ್ರಿಸಿದರೆ ಹಳೆಯದು ಹೋಯಿತು. ಎರಡು ಪದರ ಸೇರಿಸಿ ಒಂದು ಮಾಡಿದರೆ ಗುಸುಗುಸು ಸದ್ದು ಹೆಚ್ಚಿತು. ಆದ್ದರಿಂದ ಪ್ರತಿ ಹಂತದಲ್ಲೂ ಇದು ಸಾಕೋ ಸಾಲದೋ ಎಂದು ಒಬ್ಬರು ನಿರ್ಧರಿಸಬೇಕಿತ್ತು, ಆ ನಿರ್ಧಾರಕ್ಕೆ ಕಟ್ಟುಬೀಳಬೇಕಿತ್ತು. ಇಂದಿನ ಕಂಪ್ಯೂಟರು ಅದನ್ನು ನಾಳೆಗೆ ತಳ್ಳಲು ಬಿಡುತ್ತದೆ. ತಳ್ಳಲೇಬೇಕು ಎಂದೇನೂ ಬಲವಂತ ಮಾಡುವುದಿಲ್ಲ.

ಕೊರತೆಯೇ ಕಲೆಯನ್ನು ಹುಟ್ಟಿಸುತ್ತದೆ ಎಂಬ ಮಾತನ್ನು ಮಾತ್ರ ನಾನು ಸುಲಭವಾಗಿ ಒಪ್ಪಲಾರೆ. 1975ರ ಜನವರಿಯಲ್ಲಿ ಕಲೋನ್ ನಗರದಲ್ಲಿ ಕೀತ್ ಜಾರೆಟ್ ಕೆಟ್ಟ ಪಿಯಾನೊ ಮೇಲೆ ಅದ್ಭುತವಾಗಿ ನುಡಿಸಿದ್ದನ್ನು ಇದಕ್ಕೆ ಉದಾಹರಣೆ ಕೊಡುತ್ತಾರೆ. ಅಲ್ಲಿ ಗೆದ್ದದ್ದು ಜಾರೆಟ್‌ನ ಬೆರಳು, ಪಿಯಾನೊದ ಕೊರತೆಯಲ್ಲ. 78 ಸುತ್ತಿನ ತಟ್ಟೆಯ ಮೂರು ಚಿಲ್ಲರೆ ನಿಮಿಷಗಳು ಮಲ್ಲಿಕಾರ್ಜುನ ಮನ್ಸೂರರ ಖಯಾಲನ್ನು ಎಷ್ಟು ಕತ್ತರಿಸಿದವು ಎಂಬುದು ಅವರ ಎಲ್‌ಪಿ ಕೇಳಿದವರಿಗೆ ಗೊತ್ತು. ಎಲ್‌ಪಿಯ ಒಂದು ಮಗ್ಗುಲಿನ ಇಪ್ಪತ್ತು ಚಿಲ್ಲರೆ ನಿಮಿಷ ಸಿಕ್ಕಾಗಲೇ ರಾಗಕ್ಕೆ ಕಾಲು ಚಾಚಲು ಜಾಗವಾದದ್ದು. ಆ ದಶಕದ ಕೆಟ್ಟ ಹಾಡುಗಳನ್ನು ನಾವು ಮರೆತಿದ್ದೇವೆ, ಒಳ್ಳೆಯವು ಉಳಿದಿವೆ. ಅದೂ ನಮ್ಮ ತಕ್ಕಡಿಯನ್ನು ಒಂದು ಕಡೆ ವಾಲಿಸುತ್ತದೆ.

ಇದಕ್ಕಿಂತ ದೊಡ್ಡದೊಂದು ತಕರಾರು ನನಗಿದೆ. ಆ ಸ್ಟುಡಿಯೊದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳದ ಜೊತೆ ರಾತ್ರಿಯಿಡೀ ಹಾಡುವ ಭಜನೆಯವರು ಈ ಸೀಮೆಯ ಊರೂರಲ್ಲಿದ್ದರು. ಅವರು ಮದ್ರಾಸಿಗೆ ಹೋಗಿ ತಟ್ಟೆ ಮಾಡಿಸುವಂತಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಮದ್ರಾಸಿನ ರೈಲು ನಿಲ್ಲುತ್ತಿತ್ತು, ಅದರಲ್ಲಿ ಏಕತಾರಿ ಏರಲಿಲ್ಲ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದು ಭಾವಗೀತೆಗೆ ಹೊಸ ದಾರಿ ಮಾಡಿತು. 'ಕಾಡು ಕುದುರೆ' ಚಿತ್ರಕ್ಕೆ ಚಂದ್ರಶೇಖರ ಕಂಬಾರರು ಕಟ್ಟಿದ ಹಾಡನ್ನು ಗಂಟಲು ಬಿಟ್ಟು ಹಾಡಿದ ಶಿವಮೊಗ್ಗ ಸುಬ್ಬಣ್ಣ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಜನಪದದ ಜಾಡು ಸ್ಟುಡಿಯೊಗೆ ಬಂತು, ನಿಜ. ಆದರೆ ಕವಿಯ ಮೂಲಕ, ಸಂಗೀತಗಾರರ ಮೂಲಕ ಬಂತು. ಹಳ್ಳಿಯ ಭಜನೆಯವರಿಗೆ ಸಿಕ್ಕಿದ್ದರೆ ಆಕಾಶವಾಣಿಯ ಮೈಕು ಸಿಕ್ಕಿರಬೇಕು, ಅಷ್ಟೆ. ಅಲ್ಲೂ ಟೇಪು ದುಬಾರಿ. ಅಳಿಸಿ ಮತ್ತೆ ಬಳಸುವುದು ರೇಡಿಯೊದವರಿಗೆ ಹೊಸದಲ್ಲ.

ಈಗ ಆ ಬಾಗಿಲಿಲ್ಲ. ಕೈಗೆಟುಕುವ ಬೆಲೆಯ ಯಂತ್ರ ಹಿಡಿದು ಯಾರು ಬೇಕಾದರೂ ಚಂದ್ರಂಪಳ್ಳಿಗೆ ಹೋಗಿ ಭಜನೆ ಮುದ್ರಿಸಬಹುದು. ಮುದ್ರಿಸುತ್ತಲೂ ಇದ್ದಾರೆ. ಬಹಳಷ್ಟು ಕಡೆ ದಮ್ಮಡಿಯ ಬದಲು ರಿದಂ ಪ್ಯಾಡು, ಬೇಕಿಲ್ಲದ ಪ್ರತಿಧ್ವನಿ, ದನಿಯನ್ನು ಶ್ರುತಿಗೆ ಎಳೆದು ಕೂರಿಸುವ ಸಾಫ್ಟ್‌ವೇರು. ಕೇಳುವಾಗ ಸಂಕಟವಾಗುತ್ತದೆ. ಎಪ್ಪತ್ತರ ದಶಕದಿಂದ ಕಲಿಯಬೇಕಾದದ್ದು ಇಲ್ಲಿಗೇ ಬೇಕು, ಅದಕ್ಕೆ ಟೇಪಿನ ಯಂತ್ರ ಹುಡುಕಬೇಕಿಲ್ಲ. ಶಹಾಬಾದ್ ಕಲ್ಲು ಹಾಸಿದ ಮಠದ ಒಳಗೆ ದನಿ ನೆಲಕ್ಕೆ ಬಡಿದು ಚೂಪಾಗಿ ಮರಳುತ್ತದೆ, ಅದಕ್ಕೆ ಮೊದಲು ಜಮಖಾನ ಹಾಸಬೇಕು. ಒಳ್ಳೆಯದೊಂದು ಮೈಕು ಇಟ್ಟು ಹಾಡುವವರನ್ನು ಹತ್ತಿರ, ತಾಳದವರನ್ನು ದೂರ, ದಮ್ಮಡಿಯನ್ನು ಇನ್ನೂ ಹಿಂದೆ ಕೂರಿಸಬೇಕು. ಪದ ಏರುತ್ತ ಹೋದಂತೆ ಲಯವೂ ಏರುತ್ತದೆ, ಅದನ್ನು ಗಡಿಯಾರಕ್ಕೆ ಕಟ್ಟಬಾರದು. ಹದಿನೈದು ನಿಮಿಷ ಹಾಡಿದರೆ ಹದಿನೈದು ನಿಮಿಷವೂ ಹಾಗೇ ಇರಲಿ, ನಡುವೆ ಕೆಮ್ಮಿದ್ದರೆ ಕೆಮ್ಮೂ ಇರಲಿ. ಸರಿ ಬರಲಿಲ್ಲವೆಂದರೆ ತುಂಡು ಜೋಡಿಸುವ ಬದಲು ಚಹಾ ಕುಡಿದು ಪೂರ್ತಿ ಇನ್ನೊಮ್ಮೆ ಹಾಡಿಸಬೇಕು. ಯಾವ ಊರು, ಯಾರ ಪದ, ಯಾರು ಹಾಡಿದರು, ಯಾರಿಂದ ಕಲಿತರು ಎಂದು ಹಾಡಿನ ಜೊತೆಗೇ ಬರೆದಿಡಬೇಕು. ಸಿನಿಮಾ ತಟ್ಟೆಯ ಮೇಲೆ ಕೊಳಲಿನವರ ಹೆಸರು ಬಾರದೆ ಹೋದದ್ದು ಇವರಿಗೂ ಆಗಬಾರದು.