ಎರಡೂವರೆ ಗಂಟೆ ಯಾರಿಗೆ?

ಕಲ್ಕತ್ತೆಯಿಂದ ಬೆಂಗಳೂರು ಎಷ್ಟು ದೂರವೆಂದು ಎಸ್ಪ್ಲನೇಡಿನಲ್ಲಿ ನಿಂತು ಯಾವ ಕನ್ನಡಿಗರನ್ನು ಕೇಳಿದರೂ "ಎರಡೂವರೆ ಗಂಟೆ" ಎಂಬ ಉತ್ತರ ಥಟ್ಟನೆ ಬರುತ್ತದೆ. ಸುಳ್ಳೇನಲ್ಲ. ದಮ್‌ದಮ್‌ನಿಂದ ದೇವನಹಳ್ಳಿಗೆ ಆಕಾಶಮಾರ್ಗ ಸುಮಾರು 1,550 ಕಿ.ಮೀ. 2025ರ ಆಗಸ್ಟ್ 22ರಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಕೂಡ ಬಂದಿದೆ. ಎಸ್ಪ್ಲನೇಡಿನಲ್ಲಿ ಹತ್ತಿ ನೋವಾಪಾರಾದಲ್ಲಿ ಗಾಡಿ ಬದಲಿಸಿದರಾಯಿತು. ಎರಡು ಗಂಟೆ ಮೊದಲೇ ಅಲ್ಲಿರಬೇಕಾದ ಕಾಯುವಿಕೆ, ಆಚೆ ಇಳಿದ ಮೇಲೆ ಮೆಜೆಸ್ಟಿಕ್ಕಿನವರೆಗಿನ ಸುಮಾರು 35 ಕಿ.ಮೀ. ಎಲ್ಲವನ್ನೂ ಕೂಡಿಸಿದರೂ ಏಳೆಂಟು ಗಂಟೆ. ಬೆಳಗಿನ ಕಾಫಿ ಇಲ್ಲಿ, ಸಂಜೆಯ ಕಾಫಿ ಅಲ್ಲಿ.

ಆದರೆ ಇದು ಕೇಂದ್ರ ಸರ್ಕಾರದ ಗುಮಾಸ್ತರಾದ ನಮ್ಮ ದೂರವಲ್ಲ. ನಾಲ್ಕು ವರ್ಷಕ್ಕೆ ಎರಡು ಸಲ ಸ್ವಂತ ಊರಿಗೆ ಹೋಗಿಬರಲು ನಮಗೆ ಎಲ್.ಟಿ.ಸಿ. ಉಂಟು. ಆದರೆ 2017ರ ನಿಯಮದಂತೆ ವಿಮಾನವೇರುವ ಅರ್ಹತೆ ಇರುವುದು ಒಂಬತ್ತನೆಯ ವೇತನ ಮಟ್ಟ ಮತ್ತು ಅದರ ಮೇಲಿನವರಿಗೆ. ಎಂಟನೆಯ ಮಟ್ಟ ಮತ್ತು ಅದರ ಕೆಳಗಿನವರಿಗೆ ರೈಲು. ಹೌರಾದಿಂದ ಬೆಂಗಳೂರಿಗೆ ಹಳಿಯ ಮೇಲೆ 1,900 ಕಿ.ಮೀ.ಗೂ ಹೆಚ್ಚು, ವೇಗದ ಗಾಡಿಗೂ ಒಂದು ಹಗಲು, ಒಂದು ರಾತ್ರಿ ಸಾಲದು. ಒಂದೇ ಕಚೇರಿಯ, ಒಂದೇ ಊರಿನ ಇಬ್ಬರಿಗೆ ತವರು ಎರಡು ಬೇರೆ ಬೇರೆ ದೂರದಲ್ಲಿದೆ! ತಂದೆ ತೀರಿಕೊಂಡರೆಂದು ಊರಿನಿಂದ ಫೋನು ಬಂದ ದಿನ ಅಧಿಕಾರಿ ಚಿತೆಯ ಹೊತ್ತಿಗೆ ತಲುಪುತ್ತಾನೆ. ಗುಮಾಸ್ತನ ರೈಲು ವಿಜಯವಾಡ ದಾಟುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ದುಃಖಕ್ಕೂ ವೇತನ ಮಟ್ಟ ಉಂಟೇ?

ಬೊಕ್ಕಸಕ್ಕೆ ಹೊರೆ ಎಂದೀರಾ? ಹಾಗಾದರೆ ಇದನ್ನು ನೋಡಿ. ಅರ್ಹತೆಯಿಲ್ಲದ ನಮಗೂ ಅದೇ ಎಲ್.ಟಿ.ಸಿ.ಯಲ್ಲಿ ಕಲ್ಕತ್ತೆಯಿಂದ ಅಂಡಮಾನಿಗೆ, ಈಶಾನ್ಯ ರಾಜ್ಯಗಳಿಗೆ ವಿಮಾನದಲ್ಲಿ ಹೋಗಲು ವಿಶೇಷ ರಿಯಾಯಿತಿ ಇದೆ. ಅವಧಿ ಮುಗಿದಾಗಲೆಲ್ಲ ಅದನ್ನು ಮುಂದುವರಿಸುತ್ತ ಬಂದಿದ್ದಾರೆ. ಅಂಡಮಾನಿಗೆ ರೈಲಿಲ್ಲ, ಒಪ್ಪೋಣ. ಗೌಹಾತಿಗೆ ರೈಲಿಲ್ಲವೇ? ಅದು ಹಳಿಯ ಮೇಲೆ ಸುಮಾರು 1,000 ಕಿ.ಮೀ., ಬೆಂಗಳೂರಿನ ಅರ್ಧದಷ್ಟು. ಅಪರಿಚಿತ ಬೆಟ್ಟ ನೋಡಲು ವಿಮಾನ, ಹೆತ್ತ ತಾಯಿಯನ್ನು ನೋಡಲು ರೈಲು! ಪ್ರವಾಸೋದ್ಯಮ ಬೆಳೆಯಲಿ, ನಮ್ಮ ತಕರಾರಿಲ್ಲ. ಆದರೆ ಅದಕ್ಕೆ ಸಿಕ್ಕ ಹಣ ತಾಯಿತಂದೆಯರಿಗೆ ಏಕೆ ಸಿಗದು?

"ವಿಮಾನದಲ್ಲೇ ಹೋಗಿ, ರೈಲಿನ ದರದಷ್ಟು ಕೊಡುತ್ತೇವೆ" ಎಂಬುದು ನಿಯಮದ ಇನ್ನೊಂದು ಔದಾರ್ಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆವು. ಇಲ್ಲಿ ಇಬ್ಬರೂ ಅರ್ಧರ್ಧ ಕೊಡುತ್ತಾರೆ. ದಸರೆಯ ರಜೆಯಲ್ಲಿ ಗಂಡ ಹೆಂಡತಿ ಮಕ್ಕಳ ಟಿಕೆಟ್ಟಿಗೆ ಉಳಿದರ್ಧವನ್ನು ಗುಮಾಸ್ತ ಎಲ್ಲಿಂದ ತರಬೇಕು?

ನಾವು ಅಧಿಕಾರಿಗಳ ಸೌಲಭ್ಯ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಸಂಬಳಕ್ಕೆ ಮಟ್ಟವಿರಲಿ, ದೂರಕ್ಕೆ ಬೇಡ. ರೈಲಿನಲ್ಲಿ ಇಪ್ಪತ್ತನಾಲ್ಕು ಗಂಟೆಗೂ ಮೀರಿದ ದೂರದಲ್ಲಿ ಸ್ವಂತ ಊರಿರುವ ನೌಕರನಿಗೆ, ಅವನು ಯಾವ ಮಟ್ಟದವನೇ ಆಗಲಿ, ನಾಲ್ಕು ವರ್ಷಕ್ಕೆ ಒಂದು ಸಲವಾದರೂ ವಿಮಾನದ ಪೂರ್ತಿ ದರ ಕೊಡಲಿ. ಇದು ಕನ್ನಡಿಗರೊಬ್ಬರ ಬೇಡಿಕೆಯೂ ಅಲ್ಲ. ಬೆಂಗಳೂರಿನಲ್ಲಿ ದುಡಿಯುವ ಬಂಗಾಳಿ ಗುಮಾಸ್ತನಿಗೂ ಇದೇ ಮೂವತ್ತು ಗಂಟೆಯ ಪಾಡು. ಎಂಟನೆಯ ವೇತನ ಆಯೋಗದ ಮುಂದೆ ಭತ್ಯೆಗಳ ಉದ್ದದ ಪಟ್ಟಿ ಇಡುವ ನೌಕರ ಸಂಘಗಳು ಈ ಒಂದು ಸಾಲನ್ನೂ ಅದರಲ್ಲಿ ಸೇರಿಸಲಿ. ನಮ್ಮಲ್ಲಿ ಸಂಘದ ಸದಸ್ಯರಾದವರು ಮುಂದಿನ ಸಭೆಯಲ್ಲೇ ಎದ್ದು ನಿಂತು ಕೇಳಬೇಕು.