ಠೇವಣಿ ಇಟ್ಟವರಿಗೂ ಮತ ಬೇಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಸೊಸೈಟಿಯ ಮೆಟ್ಟಿಲು ಹತ್ತದ ಮನೆ ಸಿಗುವುದು ಕಷ್ಟ. ಅಡಿಕೆ ತೋಟಕ್ಕೆ ಬೆಳೆ ಸಾಲ, ಮದುವೆ ಖರ್ಚಿಗೆ ಚಿನ್ನ ಅಡವಿಟ್ಟ ಸಾಲ, ಗೊಬ್ಬರ, ಬೀಡಿ ಕಟ್ಟಿ ಉಳಿಸಿದ ದುಡ್ಡಿಗೆ ನಿರಖು ಠೇವಣಿ, ಎಲ್ಲಕ್ಕೂ ಅದೇ ಕೌಂಟರು. ಆದರೆ ಆ ಕೌಂಟರಿನ ಮುಂದೆ ನಿಂತವರೆಲ್ಲ ಸಂಘದ ಪೂರ್ಣ ಸದಸ್ಯರಲ್ಲ. ಸಣ್ಣ ಶುಲ್ಕ ಕಟ್ಟಿಸಿಕೊಂಡು ‘ನಾಮಮಾತ್ರ ಸದಸ್ಯ’ ಎಂದು ಬರೆದುಕೊಟ್ಟ ರಶೀದಿಯಷ್ಟೇ ಹಲವರ ಕೈಯಲ್ಲಿದೆ. ಅಂಥವರಿಗೆ ಮತವಿಲ್ಲ, ಸಂಘದ ಲಾಭದಲ್ಲಿ ಪಾಲಿಲ್ಲ.

ಹಾಗಾದರೆ ಸದಸ್ಯರಾಗಲು ಯಾರು ಅರ್ಹರು? 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಕೇಳುವುದು ಬಹಳ ಕಡಿಮೆ. ಹದಿನೆಂಟು ತುಂಬಿರಬೇಕು, ಕರಾರು ಮಾಡಿಕೊಳ್ಳುವ ಸ್ಥಿಮಿತ ಬುದ್ಧಿ ಇರಬೇಕು, ಸಂಘದ ಬೈಲಾದಲ್ಲಿ ಹೇಳಿದ ವ್ಯಾಪ್ತಿಯೊಳಗಿನವರಾಗಿರಬೇಕು. ಅರ್ಹರಾದವರನ್ನು ತಕ್ಕ ಕಾರಣವಿಲ್ಲದೆ ಹಿಂದಕ್ಕೆ ಕಳಿಸುವಂತಿಲ್ಲ. ವ್ಯಾಪ್ತಿ ಮಾತ್ರ ಸಂಘದಿಂದ ಸಂಘಕ್ಕೆ ಬೇರೆ. ಕೃಷಿ ಪತ್ತಿನ ಸಂಘಕ್ಕೆ ಒಂದೆರಡು ಗ್ರಾಮ, ನೌಕರರ ಸಂಘಕ್ಕೆ ಇಲಾಖೆ, ಶೇಂದಿ ಇಳಿಸುವ ಮೂರ್ತೆದಾರರ ಸೇವಾ ಸಹಕಾರಿ ಸಂಘಕ್ಕೆ ಕಸುಬು.

ಈ ಕಟ್ಟುಪಾಡು ಹೊಸದೇನಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಲ್ಲಿನ ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯಿಂದ ಯುರೋಪಿನ ಗ್ರಾಮೀಣ ಸಾಲ ಸಂಘಗಳ ಬಗ್ಗೆ ವರದಿ ಬರೆಸಿತು. ಜರ್ಮನಿಯ ರೈಫೈಸನ್ ಕಟ್ಟಿದ ಸಂಘಗಳಲ್ಲಿ ಊರವರು ಪರಸ್ಪರ ಬಲ್ಲವರು. ಯಾರು ಸಾಲ ತೀರಿಸುತ್ತಾರೆ, ಯಾರು ತೀರಿಸುವುದಿಲ್ಲ ಎಂಬುದು ನೆರೆಮನೆಗೆ ಗೊತ್ತು, ಆ ಪರಿಚಯವೇ ಅಲ್ಲಿ ಜಾಮೀನು. 1904ರ ಸಹಕಾರಿ ಸಾಲ ಸಂಘಗಳ ಕಾಯ್ದೆ ಇದೇ ಜಾಡಿನಲ್ಲಿ ಬಂತು. ಒಂದೇ ಊರಿನ ಅಥವಾ ಒಂದೇ ವರ್ಗ, ಜಾತಿಯ ಹತ್ತು ಮಂದಿ ವಯಸ್ಕರು ಸೇರಿದರೆ ಸಂಘ ಕಟ್ಟಬಹುದಿತ್ತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ತೆರೆದರು. ಈ ಕಡೆ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು ಊರೂರು ತಿರುಗಿ ಜನರನ್ನು ಒಗ್ಗೂಡಿಸಿದರು. ಮಂಗಳೂರಿನಲ್ಲಿ 1912ರಲ್ಲಿ ಕೆಥೊಲಿಕರ ಸಂಘ ಹುಟ್ಟಿತು. ಬಡ್ಡಿ ಸಾಹುಕಾರರ ಕೈಯಿಂದ ಜನರನ್ನು ಬಿಡಿಸುವುದೇ ಇವೆಲ್ಲದರ ಗುರಿ.

ಇಂದು ಬಾಗಿಲು ಎಲ್ಲಿ ಕಿರಿದಾಗಿದೆ? ಪಹಣಿಯ ಹತ್ತಿರ. ಬೆಳೆ ಸಾಲಕ್ಕೆ ಪಹಣಿ ಬೇಕೆನ್ನುವುದು ಸರಿಯೇ. 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯ ಸಾಲ ಕೊಡುವಾಗ ಭೂಮಿಯ ದಾಖಲೆ ನೋಡಲೇಬೇಕು. ಆದರೆ ಸಾಲದ ಅರ್ಹತೆಯೇ ಬೇರೆ, ಸದಸ್ಯತ್ವದ ಅರ್ಹತೆಯೇ ಬೇರೆ. ಎರಡನ್ನೂ ಒಂದೇ ಎಂದು ನಡೆಸಿಕೊಂಡು ಬಂದದ್ದರಿಂದ ಹೊರಗುಳಿದವರು ಹೆಂಗಸರು, ಕೂಲಿಯವರು, ಬಾಡಿಗೆ ಮನೆಯವರು. ಹೆಚ್ಚಿನ ಮನೆಗಳಲ್ಲಿ ಪಹಣಿ ಗಂಡಸಿನ ಹೆಸರಿನಲ್ಲಿದೆ, ಷೇರೂ ಅವನದೇ. ಅದೇ ಮನೆಯ ಹೆಂಗಸು ಸ್ವಸಹಾಯ ಸಂಘದಲ್ಲಿ ವಾರ ವಾರ ಉಳಿತಾಯ ಕಟ್ಟಿ, ಲೆಕ್ಕ ಬರೆದು, ಸಾಲ ತೀರಿಸಿ ತೋರಿಸಿದ್ದಾಳೆ. ಇಂಥ ಸ್ವಸಹಾಯ ಸಂಘಗಳನ್ನು ಕಟ್ಟಿದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು ಇದೇ ಬೆಳ್ತಂಗಡಿ ತಾಲೂಕಿನಲ್ಲಿ. ದಶಕಗಳ ಈ ಅನುಭವದ ಮೇಲೂ ಅವಳನ್ನು ನಾಮಮಾತ್ರಕ್ಕೆ ಇಟ್ಟುಕೊಳ್ಳುವುದು ಅನ್ಯಾಯ.

ಇದು ಬರೀ ಗೌರವದ ಪ್ರಶ್ನೆಯಲ್ಲ, ದುಡ್ಡಿನ ಭದ್ರತೆಯದ್ದೂ ಹೌದು. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ, ಊರವರ ಬಾಯಲ್ಲಿ ಅದು ಎಷ್ಟೇ ‘ಬ್ಯಾಂಕ್’ ಆಗಿರಲಿ. ನಾಮಮಾತ್ರ ಸದಸ್ಯರಿಂದ ಠೇವಣಿ ಪಡೆಯುವುದು ಬ್ಯಾಂಕಿಂಗ್ ವ್ಯವಹಾರವೇ ಆಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಸಿತ್ತು. ವಿಮೆ ಇಲ್ಲದ ಕಡೆ ಠೇವಣಿದಾರರಿಗೆ ಉಳಿಯುವ ರಕ್ಷಣೆ ಮತವೊಂದೇ. ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ, ಆಡಳಿತ ಮಂಡಳಿಯನ್ನು ಬದಲಿಸುವ ಹಕ್ಕದು. ಆ ಹಕ್ಕಿಲ್ಲದವರ ದುಡ್ಡನ್ನು ಕಾಯುವವರು ಯಾರು?

ಆಡಳಿತ ಮಂಡಳಿಗಳ ಅಳುಕೂ ಸುಳ್ಳಲ್ಲ. ಚುನಾವಣೆ ಹತ್ತಿರ ಬಂದಾಗ ಪಕ್ಷದವರು ಗುಂಪುಗುಂಪಾಗಿ ಷೇರು ಮಾಡಿಸುತ್ತಾರೆ, ಆಮೇಲೆ ಸಂಘದತ್ತ ತಲೆ ಹಾಕುವುದಿಲ್ಲ. ಇದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ. ಎರಡು ಮೂರು ವರ್ಷ ಠೇವಣಿ ಇಟ್ಟು ಅಥವಾ ಸಾಲ ಪಡೆದು ಸರಿಯಾಗಿ ತೀರಿಸಿದ ಊರವರನ್ನು ಸಂಘವೇ ಕರೆದು ಮತದ ಹಕ್ಕಿರುವ ‘ಎ’ ತರಗತಿಯ ಷೇರು ಕೊಟ್ಟರೆ, ಚುನಾವಣೆಗೆಂದು ಬಂದವರು ಯಾರು, ಸಂಘದ ಜೊತೆ ನಡೆದವರು ಯಾರು ಎಂಬುದು ದಾಖಲೆಯಲ್ಲೇ ಕಾಣುತ್ತದೆ.

ಸಂಘಗಳ ಮಹಾಸಭೆ ಸೆಪ್ಟೆಂಬರಿನೊಳಗೆ ನಡೆಯುತ್ತದೆ. ಈ ಮೂರೂ ತಾಲೂಕುಗಳ ಆಡಳಿತ ಮಂಡಳಿಗಳು ತಮ್ಮಲ್ಲಿ ಪೂರ್ಣ ಸದಸ್ಯರೆಷ್ಟು, ನಾಮಮಾತ್ರ ಸದಸ್ಯರೆಷ್ಟು, ಅವರಲ್ಲಿ ಹೆಂಗಸರೆಷ್ಟು ಎಂಬ ಲೆಕ್ಕವನ್ನು ವಾರ್ಷಿಕ ವರದಿಯಲ್ಲೇ ಅಚ್ಚು ಹಾಕಲಿ. ಓದುಗರು ಕೂಡ ಮುಂದಿನ ಸಲ ಸೊಸೈಟಿಗೆ ಹೋದಾಗ ತಮ್ಮ ರಶೀದಿ ಯಾವ ತರಗತಿಯದ್ದೆಂದು ನೋಡಿಕೊಂಡು, ಪೂರ್ಣ ಸದಸ್ಯತ್ವದ ಅರ್ಜಿ ಕೇಳಬೇಕು. ಕೊಡುವುದಿಲ್ಲ ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಬೇಕು.