ತಾತನ ಕೆಂಪು ಪೆನ್ನು

ಕಳೆದ ದಸರೆಯಲ್ಲಿ ನಮ್ಮ ಮನೆ ಕ್ಯಾಲೆಂಡರಿನ ತುಂಬ ಕೆಂಪು ಗುರುತುಗಳು. ಹಾಕಿದವನು ನಾನೇ. ಎಂಟನೇ ತರಗತಿಯ ಮೊಮ್ಮಗಳು ಮೂವರು ಗೆಳತಿಯರೊಂದಿಗೆ ಕೊರಿಯಾದ ಹಾಡಿಗೆ ಕುಣಿದ ವಿಡಿಯೊ ಬಡಾವಣೆಯೆಲ್ಲ ಸುತ್ತಿತ್ತು. ನನಗೆ ಆ ಕುಣಿತ ತಲೆಬುಡ ತಿಳಿಯಲಿಲ್ಲ, ಆದರೂ ಹೆಮ್ಮೆ. ಯಾರು ಕರೆದರೂ ‘ಆಗಲಿ’ ಅಂದೆ. ಹತ್ತು ದಿನಕ್ಕೆ ಏಳು ಕಾರ್ಯಕ್ರಮ! ರಾತ್ರಿ ಅವಳ ಮಂಡಿಗೆ ಅಜ್ಜಿ ಎಣ್ಣೆ ನೀವುತ್ತಿದ್ದದ್ದು ಕಂಡರೂ ಕಾಣದವನ ಹಾಗಿದ್ದೆ.

ಒಂದು ಭಾನುವಾರ ಅವಳನ್ನು ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಗೆ ಕರೆದುಕೊಂಡು ಹೋದೆ. 2016ರಿಂದ ಅದು ವಸ್ತುಸಂಗ್ರಹಾಲಯ. ದಾರಿಯಲ್ಲಿ ಅವಳು, ಕೊರಿಯಾದ ತಂಡಗಳ ಮಕ್ಕಳು ವರ್ಷಗಟ್ಟಲೆ ತರಬೇತಿಯಲ್ಲಿರುತ್ತಾರೆ, ಏನು ತಿನ್ನಬೇಕೆಂದೂ ಕಂಪನಿಯವರೇ ಹೇಳುವುದುಂಟು ಎಂದಳು. ‘ಅಂಥದ್ದೇ ಕಥೆ ಈ ಮನೆಯವರೂ ಬರೆದಿದ್ದಾರೆ’ ಎಂದು ‘ದಿ ಗೈಡ್’ ಹೇಳತೊಡಗಿದೆ.

ಮಾಲ್ಗುಡಿಯ ರಾಜು ಪ್ರವಾಸಿಗಳಿಗೆ ಊರು ತೋರಿಸುವವನು. ರೋಸಿಗೆ ನಾಟ್ಯವೆಂದರೆ ಪ್ರಾಣ, ಗಂಡನಿಗೆ ಆಗದು. ಗಂಡ ಬಿಟ್ಟುಹೋದ ಮೇಲೆ ರಾಜು ಅವಳನ್ನು ವೇದಿಕೆ ಹತ್ತಿಸುತ್ತಾನೆ. ಹೊಸ ಹೆಸರು ನಳಿನಿ. ಊರೂರಿನಲ್ಲಿ ಚಪ್ಪಾಳೆ, ದೊಡ್ಡ ಮನೆ, ಆಳುಕಾಳು. ಕಾರ್ಯಕ್ರಮ ಒಪ್ಪುವವನು ರಾಜು, ಹಣ ಎಣಿಸುವವನು ರಾಜು, ಅವಳನ್ನು ಯಾರು ಕಾಣಬಹುದೆಂದು ತೀರ್ಮಾನಿಸುವವನೂ ಅವನೇ. ಕಲಾವಿದರು ಮನೆಗೆ ಬಂದು ಹರಟಿದರೆ ಅವಳಿಗೆ ಹಬ್ಬ, ಅವನಿಗೆ ಕಿರಿಕಿರಿ. ಬರಬರುತ್ತಾ ಅವಳಿಗೆ ತಾನು ಗಾಣದ ಎತ್ತು ಅನ್ನಿಸತೊಡಗುತ್ತದೆ. ಕೊನೆಗೆ ರಾಜು ಅವಳ ಸಹಿಯನ್ನೇ ನಕಲು ಮಾಡಿ ಜೈಲು ಸೇರುತ್ತಾನೆ. ತಾನಿಲ್ಲದೆ ಇವಳಿಗೆ ಏನೂ ನಡೆಯದು ಎಂದುಕೊಂಡಿದ್ದ. ಅವಳೋ ಮದ್ರಾಸಿಗೆ ಹೋಗಿ ಎಲ್ಲವನ್ನೂ ತಾನೇ ನೋಡಿಕೊಂಡು ಇನ್ನಷ್ಟು ಹೆಸರು ಮಾಡುತ್ತಾಳೆ! ಪುಸ್ತಕದಲ್ಲಿ ನನಗೆ ಬಲು ಇಷ್ಟವಾದ ಭಾಗ ಇದು.

1958ರಲ್ಲಿ ಬಂದ ಈ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. 1965ರಲ್ಲಿ ದೇವಾನಂದ್, ವಹೀದಾ ರೆಹಮಾನ್ ನಟಿಸಿದ ಸಿನಿಮಾವೂ ಬಂತು. ತಮಾಷೆ ನೋಡಿ, ನಾರಾಯಣ್ ಸಿನಿಮಾದವರಿಗೆ ಮೈಸೂರಿನ ಸುತ್ತಮುತ್ತಲ ಜಾಗಗಳನ್ನೆಲ್ಲ ತೋರಿಸಿದರು. ಅವರು ರಾಜಸ್ಥಾನಕ್ಕೆ ಹೋಗಿ ಚಿತ್ರೀಕರಿಸಿದರು. ಕಥೆ ಬರೆದವರ ಮಾತು ನಡೆಯಲಿಲ್ಲ. ಆ ಬೇಸರವನ್ನು ಅವರು ಒಂದು ಪ್ರಬಂಧವಾಗಿಯೇ ಬರೆದರು.

ಗೇಟಿನ ಬಳಿ ಬಂದಾಗ ಮೊಮ್ಮಗಳು ಕೇಳಿದಳು: ‘ತಾತ, ಇವತ್ತು ಕುಣೀತೀಯಾ ಅಂತ ನಳಿನಿಯನ್ನ ಯಾರೂ ಕೇಳಲೇ ಇಲ್ವಾ?’

ನನಗೆ ಕ್ಯಾಲೆಂಡರು ನೆನಪಾಯಿತು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತೆ.

ಮನೆಗೆ ಬಂದು ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟೆ. ಗೆಳತಿಯರಿಗೆಲ್ಲ ಫೋನ್ ಮಾಡಿ, ಅರ್ಧ ಗಂಟೆ ಪಿಸುಗುಟ್ಟಿ, ಐದನ್ನು ಹೊಡೆದುಹಾಕಿದಳು. ಎರಡು ಉಳಿದವು. ಒಂದು ನಮ್ಮ ಬೀದಿಯ ಬೊಂಬೆ ಹಬ್ಬದ್ದು. ಅಲ್ಲಿ ಸಂಭಾವನೆ ಒಂದು ಬಟ್ಟಲು ಸುಂಡಲ್. ‘ಬರೋದಿಲ್ಲ’ ಅಂತ ಉಳಿದವರಿಗೆ ಹೇಳುವ ಕೆಲಸ ಮಾತ್ರ ನನ್ನದಂತೆ. ಹೇಳಿದೆ. ಮೂರು ಕಡೆ ಬೈಸಿಕೊಂಡೆ.